ಬಾಯಿ ನಿಲ್ಲಬಾರದು

"ತೆಗಿ ಬಾಯಿ. ಆ ಅನ್ನು. ಇನ್ನೂ ದೊಡ್ಡದ ತೆಗೀಲೇ, ನಾಲಿಗಿ ಎತ್ತು."

ಚಂದ್ರಕಲಾ ನಾಲಿಗೆ ಎತ್ತಿದಳು. ಮೇಸ್ತ್ರಿ ಯಲಗೂರಪ್ಪ ಮೊಬೈಲಿನ ಬೆಳಕು ಬಿಟ್ಟು, ಬಾವಿಯಲ್ಲಿ ಬಿದ್ದ ಕೊಡ ಹುಡುಕುವವನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ಒಳಗೆ ಇಣುಕಿದ. ಹಲ್ಲುಗಳಿದ್ದವು, ನಾಲಿಗೆಯಿತ್ತು, ಮಧ್ಯಾಹ್ನ ತಿಂದ ರೊಟ್ಟಿಯ ಚೂರೊಂದಿತ್ತು. ದ್ರಾಕ್ಷಿ ಇರಲಿಲ್ಲ.

"ಮತ್ತ್ಯಾಕ ಸುಮ್ನಾದಿ?"

"ಹಾಡು ಮುಗೀತ್ರಿ."

"ಮುಗದ್ರ ಇನ್ನೊಂದ ಹಚ್ಚು. ಬಾಯಿ ನಿಂತ್ರ ನನಗ ಸಂಶೆ ಬರತೈತಿ. ನನಗ ಬರಲಿಲ್ಲಂದ್ರ ಸಾವಕಾರ್ಗ ಬರತೈತಿ. ನಿನ್ನ ಹಾಡು ಮುಗೀತಂತ ಸಾವಕಾರನ ಸಂಶೆ ಮುಗೀತೈತೇನ?"

ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ ಬಸಗೊಂಡಪ್ಪ ಸಾಹುಕಾರನ ಒಣದ್ರಾಕ್ಷಿ ಶೆಡ್ಡು. ತಗಡಿನ ಮಾಡಿನ ಕೆಳಗೆ ಹೆಂಗಸರು ಎದುರುಬದುರು ಸಾಲಾಗಿ ಕುಳಿತು, ತೊಡೆಯ ಮುಂದಿನ ಪರಾತದಲ್ಲಿ ದ್ರಾಕ್ಷಿ ಹರವಿಕೊಂಡು, ಕಡ್ಡಿ ಕಿತ್ತು, ಕಪ್ಪಾದದ್ದು ಬೇರೆ, ಹಸಿರಾದದ್ದು ಬೇರೆ ಮಾಡುತ್ತಿದ್ದರು. ಕೆಲಸ ನಡೆದಷ್ಟು ಹೊತ್ತೂ ಹಾಡುತ್ತಿರಬೇಕು. ಹಾಡುವ ಬಾಯಿ ಜಗಿಯಲಾರದು ಎನ್ನುವುದು ಸಾಹುಕಾರನ ಅಪ್ಪ ಶೇಂಗಾ ಬಿಡಿಸುವ ಕಾಲಕ್ಕೆ ಕಂಡುಕೊಂಡ ಸತ್ಯ. ಮಗ ಶೆಡ್ಡಿನ ತುಂಬ ಕ್ಯಾಮೆರಾ ಹಾಕಿಸಿ ನೋಡಿದ. ಕ್ಯಾಮೆರಾಕ್ಕೆ ಬಗ್ಗಿದ ತಲೆಗಳಷ್ಟೇ ಕಂಡವು. ಹೀಗಾಗಿ ಅಪ್ಪನ ನಿಯಮವೇ ಗಟ್ಟಿಯಾಯಿತು.

ಹಾಡಿಗೂ ಒಂದು ಕೊನೆ ಇರುತ್ತದಲ್ಲ. ಬೆಳಿಗ್ಗೆ ಸೋಬಾನದಿಂದ ಶುರುವಾದದ್ದು ಬಿಸಿಲೇರುವ ಹೊತ್ತಿಗೆ ಜೋಗುಳಕ್ಕೆ ಬರುತ್ತಿತ್ತು. ಊಟದ ಮೇಲೆ ಬೀಸುವ ಪದ. ಆಮೇಲೆ ಎಲ್ಲರಿಗಿಂತ ಹಿರಿಯಳಾದ ಬಾನುಬಿ ಮೊಹರಮ್ಮಿನ ಪದ ಎತ್ತುವಳು. ಅದೂ ತೀರಿದ ಮೇಲೆ ಚಂದ್ರಕಲಾಳ ತಾಯಿ ಬೋರವ್ವ ಬಸ್‌ಸ್ಟ್ಯಾಂಡಿನ ಕೂಗನ್ನೇ ರಾಗಕ್ಕೆ ಕೂಡಿಸುವಳು: "ವಿಜಾಪುರಾ ತೊರವೀ ಟಿಕೋಟಾ ಅಥಣೀ, ಸೋ." ಒಮ್ಮೊಮ್ಮೆ ತನ್ನ ಸತ್ತ ಅತ್ತೆ ಬೈಯುತ್ತಿದ್ದ ಬೈಗುಳಗಳನ್ನು ಒಂದೂ ಬಿಡದೆ ಹಾಡುವಳು. ಅದಕ್ಕೆ ಎಲ್ಲರೂ ಬಾಯಿತುಂಬ ಸೋ ಎನ್ನುತ್ತಿದ್ದರು.

ಶೆಡ್ಡಿನ ಹಿಂದೆ ಆಳುಗಳ ಖೋಲಿಗಳು. ಒಂದು ಖೋಲಿಗೆ ಎರಡು ಆಳಿನ ದುಡಿಮೆ ಎಂಬುದು ಅಲ್ಲಿಯ ಕಟ್ಟಳೆ. ಚಂದ್ರಕಲಾ ಪಿಯುಸಿ ಪಾಸಾಗಿ ವಿಜಯಪುರದ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚಿದಾಗ ಬೋರವ್ವ ಸೆರಗು ಹೊದ್ದು ಸಾಹುಕಾರನ ಮುಂದೆ ನಿಂತಿದ್ದಳು. ಮಗಳು ಮಧ್ಯಾಹ್ನದಿಂದ ದುಡಿಯುತ್ತಾಳೆ ಎಂದಳು. ಬಸಗೊಂಡಪ್ಪ ಬಾಯಲ್ಲಿ ಹಲ್ಲುಕಡ್ಡಿ ಆಡಿಸುತ್ತ ನಕ್ಕ.

"ಕಲೀಲಿ ಬಿಡಬೇ. ಕಲ್ತು ಏನ ಕಡೀತಾಳ ನೋಡೂಣು. ಖರೆ ಮೊದಲ್ನೇ ಪರೀಕ್ಷೆದಾಗ ಫೇಲಾದ್ಲು ಅಂದ್ರ ಮುಂಜಾನಿಂದ ಸಂಜಿತನಾ ಇಲ್ಲೇ ಕುಂಡ್ರಬೇಕು. ಒಲ್ಲೆ ಅಂದ್ರ ಖೋಲಿ ಬಿಡ್ರಿ."

ಕಾಲೇಜು ಬಿಟ್ಟೊಡನೆ ಬಸ್ಸು, ಬಸ್ಸಿಳಿದರೆ ಪರಾತ. ಕತ್ತಲಾದ ಮೇಲಾದರೂ ಓದೋಣವೆಂದರೆ ಖೋಲಿಯ ಬಲ್ಬಿನ ಗುಂಡಿ ಶೆಡ್ಡಿನಲ್ಲಿತ್ತು. ಯಲಗೂರಪ್ಪ ಕೀಲಿ ಹಾಕುವಾಗ ಅದನ್ನೂ ಆರಿಸಿಯೇ ಹೋಗುತ್ತಿದ್ದ. ಪರೀಕ್ಷೆ ಹತ್ತಿರವಾಗುತ್ತಿತ್ತು. ಚಂದ್ರಕಲಾಳ ಪುಸ್ತಕಗಳು ಹೊಸ ವಾಸನೆಯನ್ನು ಇನ್ನೂ ಕಳೆದುಕೊಂಡಿರಲಿಲ್ಲ.

ಆ ವಾರವೇ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ 'ಓದುವ ಕಲೆ' ಎಂಬ ಕಾರ್ಯಾಗಾರ ನಡೆಯಿತು. ಹೇಳಲು ಬಂದವರು ಜಲನಗರದ ಅರುಣಕುಮಾರ ಎಂಬವರು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು.

"ಮೊದಲು ಓದಿಗೊಂದು ಜಾಗ ಮಾಡಿಕೊಳ್ಳಿ. ಮೇಜು, ಕುರ್ಚಿ, ಎಡಗಡೆಯಿಂದ ಬೆಳಕು. ಸುತ್ತಲೂ ಶಾಂತಿ ಇರಬೇಕು. ಮೊಬೈಲು ಬೇರೆ ಕೋಣೆಯಲ್ಲಿರಲಿ."

ಬೇರೆ ಕೋಣೆ ಎಂದರೆ ಬಾನುಬಿಯ ಖೋಲಿ. ಅಲ್ಲಿ ಇಟ್ಟರೆ ಆಕೆ ಇಂಡಿ ಊರಿನಲ್ಲಿರುವ ತಂಗಿಯ ಜೊತೆ ಬೆಳತನಕ ಮಾತಾಡುತ್ತಾಳೆ ಎಂದು ಚಂದ್ರಕಲಾ ಯೋಚಿಸುತ್ತಿರುವಾಗಲೇ ಅರುಣಕುಮಾರರು ಅವಳತ್ತ ಕೈ ತೋರಿಸಿದರು.

"ನೀನು ಎಲ್ಲಿ ಓದುತ್ತೀಯಮ್ಮಾ?"

"ಶೆಡ್ಡಿನ್ಯಾಗ್ರಿ ಸರ. ದ್ರಾಕ್ಷಿ ಶೆಡ್ಡು."

"ಅಲ್ಲಿ ಶಾಂತಿ ಇರುತ್ತದಾ?"

"ಇಲ್ರಿ. ಶಾಂತಿದಿಂದ ಕುಂತ್ರ ಬೈತಾರ್ರಿ."

ಸಭಾಂಗಣ ನಕ್ಕಿತು. ಅರುಣಕುಮಾರರು ನಗಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಬಟ್ಟಲನ್ನು ಎತ್ತಿಕೊಂಡು ಅವಳ ಹತ್ತಿರ ಬಂದರು. ಅದರಲ್ಲಿ ರಾತ್ರಿ ನೀರಿನಲ್ಲಿ ನೆನೆಹಾಕಿದ ಒಣದ್ರಾಕ್ಷಿ ಉಬ್ಬಿಕೊಂಡಿತ್ತು.

"ದಿನಾ ಬೆಳಿಗ್ಗೆ ಇಷ್ಟು ತಿಂದರೆ ನೆನಪಿನ ಶಕ್ತಿ ಬೆಳೆಯುತ್ತದೆ. ತಗೋ, ಎಲ್ಲರ ಮುಂದೆ ನೀನೇ ತಿಂದು ತೋರಿಸು."

ಅವಳು ಒಂದು ಹಣ್ಣನ್ನು ಬೆರಳಲ್ಲಿ ಹಿಡಿದಳು. ದ್ರಾಕ್ಷಿ ಬೆರಳಿಗೆ ತಾಕಿದ್ದೇ ತಡ, ಅವಳ ಬಾಯಿ ತಾನೇ ತೆರೆದು ಹಾಡತೊಡಗಿತು.

"ಹಂದರದ ಒಳಗ ಮದುಮಗಳು ಬಂದಾಳ, ಸೋ..."

ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ಹಣ್ಣು ಕೈಯಲ್ಲಿರುವತನಕ ಹಾಡು ಬಂತು. ಹುಡುಗರು ಬೆಂಚು ಬಡಿದರು. ಹಿಂದಿನ ಸಾಲಿನಿಂದ ಒಬ್ಬ ಸೋ ಎಂದ. ಚಂದ್ರಕಲಾ ಹಣ್ಣನ್ನು ಬಟ್ಟಲಿಗೆ ಮರಳಿ ಹಾಕಿ, ಬಾಯಿಗೆ ಓಢಣಿ ಒತ್ತಿಕೊಂಡು ಕುಳಿತಳು. ಅರುಣಕುಮಾರರು ಬಟ್ಟಲನ್ನು ಮೆಲ್ಲಗೆ ಮೇಜಿನ ಕೆಳಗೆ ಇಟ್ಟುಬಿಟ್ಟರು. ಅಂದು ಮತ್ತೆ ದ್ರಾಕ್ಷಿಯ ಮಾತೆತ್ತಲಿಲ್ಲ. ಕೊನೆಗೆ ಅವಳನ್ನೇ ನೋಡುತ್ತ, ಮೊದಲು ಬರೆದುಕೊಂಡು ಬಂದಿರದ ಹಾಗೆ ತಡೆತಡೆದು ಹೇಳಿದರು:

"ಜಾಗ ಇಲ್ಲದವರು... ಗಟ್ಟಿಯಾಗಿ ಹೇಳಿಕೊಳ್ಳಿ. ಮತ್ತೆ ಮತ್ತೆ ಹೇಳಿ. ಇನ್ನೊಬ್ಬರಿಗೆ ಕಲಿಸಿ, ಆಗ ನಿಮಗೇ ಬರುತ್ತದೆ. ಪ್ರತಿಯೊಂದಕ್ಕೂ ನಿಮ್ಮ ಕಣ್ಣೆದುರಿನ ಉದಾಹರಣೆ ಜೋಡಿಸಿ. ಉದಾಹರಣೆ ಇಲ್ಲದ ಉತ್ತರ ಉಪ್ಪಿಲ್ಲದ ಊಟ."

ಅಂದು ಮಧ್ಯಾಹ್ನ ಪರಾತದ ಮುಂದೆ ಕುಳಿತಾಗ ಬೀಸುವ ಪದ ಮುಗಿದಿತ್ತು. ಬಾನುಬಿ ಮೊಹರಮ್ಮಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಚಂದ್ರಕಲಾ ಅದಕ್ಕೂ ಮೊದಲೇ ಸೋಬಾನದ ಧಾಟಿಯಲ್ಲಿ ಎತ್ತಿದಳು.

"ರಾಜ್ಯಕ ಬೇಕಾದ ಅಂಶಗಳು ನಾಕು, ಸೋ..."

ಅಭ್ಯಾಸಬಲದಿಂದ ಶೆಡ್ಡೆಲ್ಲ ಸೋ ಎಂದಿತು. "ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ, ಸೋ..."

"ಏ ಚಂದ್ರಿ, ಇದ್ಯಾವ ದೇವರ ಪದಾಬೇ?" ಬಾನುಬಿ ಕೇಳಿದಳು.

"ದೇವರದಲ್ಲ ಆಯಿ. ರಾಜ್ಯಶಾಸ್ತ್ರ. ಮತ್ತ ಉದಾಹರಣಿ ಬೇಕಂತ. ಜನಾ ಅಂದ್ರ ಯಾರು?"

"ನಾವ. ಮತ್ಯಾರು?"

"ಭೂಮಿ?"

"ಸಾವಕಾರಂದು."

"ಸರ್ಕಾರ?"

ಬಾನುಬಿ ಬಾಗಿಲಲ್ಲಿ ಬೀಡಿ ಸೇದುತ್ತ ನಿಂತಿದ್ದ ಯಲಗೂರಪ್ಪನನ್ನು ನೋಡಿ, "ಅಲ್ಲಿ ಹೊಗಿ ಬಿಡಾಕತ್ತೈತಿ ನೋಡ," ಎಂದಳು.

"ಪರಮಾಧಿಕಾರ ಅಂದ್ರ, ಯಾರೂ ಯಾಕಂತ ಕೇಳದಂಥಾ ಅಧಿಕಾರ."

"ಹಾಂ, ಅಂದ್ರ ಬಾಯಿ ತೆಗಿ ಅಂತಾರಲ್ಲ, ಅದು!" ಎಂದಳು ಬೋರವ್ವ. ಹೆಂಗಸರು ನಕ್ಕ ನಗೆಗೆ ಪರಾತದ ದ್ರಾಕ್ಷಿಗಳು ಕುಣಿದವು.

ಯಲಗೂರಪ್ಪ ದಡದಡ ಬಂದ. "ಏನ್ ಒದರಾಕತ್ತೀರಿ?"

"ಹಾಡಾಕತ್ತೀವ್ರಿ. ಬಾಯಿ ನಿಂತೈತೇನ ನೋಡ್ರಿ," ಎಂದಳು ಬಾನುಬಿ.

ಬಾಯಿ ನಿಂತಿರಲಿಲ್ಲ. ಯಲಗೂರಪ್ಪನಿಗೆ ಬೈಯಲು ಎಲ್ಲಿಯೂ ಹಿಡಿ ಸಿಗಲಿಲ್ಲ. ನಿಂತು ಕೇಳಿದ. ಮರುದಿನ ಬಾಗಿಲಿನಿಂದ ಸ್ವಲ್ಪ ಒಳಗೆ ಬಂದು ನಿಂತ. ಅದರ ಮರುದಿನ ಯಾರಿಗೂ ಕೇಳಿಸದ ಹಾಗೆ, "ನಾಕನೇದ ಏನಿತ್ತಬೇ? ಪರಮ... ಮುಂದ?" ಎಂದು ಚಂದ್ರಕಲಾಳ ಹತ್ತಿರ ಬಗ್ಗಿ ಕೇಳಿದ. ಆ ರಾತ್ರಿ ಖೋಲಿಯ ಬಲ್ಬು ಆರಿಸುವುದನ್ನು ಮರೆತು ಹೋದ. ಬೆಳಿಗ್ಗೆ ಕೇಳಿದರೆ, "ನನಗೇನ ವಯಸ್ಸಾತು, ನೆನಪ ಹಾರ್ತೈತಿ," ಎಂದ. ಆಮೇಲೂ ಆಗಾಗ ಮರೆಯುತ್ತಿದ್ದ.

ಹೀಗೆ ಶೆಡ್ಡೆಲ್ಲ ಬಿ.ಎ. ಮೊದಲ ವರ್ಷ ಓದತೊಡಗಿತು. ಚಂದ್ರಕಲಾ ಎಲ್ಲಿ ತಪ್ಪಿದರೂ ಹಿಡಿಯುವವರಿದ್ದರು. "ನಿನ್ನಿ ಹಿಂಗ ಹೇಳಿರಲಿಲ್ಲಲ್ಲಬೇ, ಗುರ್ತಿಟ್ಟ ಹಾಡು," ಎಂದು ಬಾನುಬಿ ಗದರುತ್ತಿದ್ದಳು. ರಾಜ್ಯಶಾಸ್ತ್ರ ಸೋಬಾನಕ್ಕೆ ಹೊಂದಿತು. ಇತಿಹಾಸಕ್ಕೆ ಬೀಸುವ ಪದದ ಧಾಟಿ. ಅರ್ಥಶಾಸ್ತ್ರ ಯಾವುದಕ್ಕೂ ಒಗ್ಗದೆ ಕೊನೆಗೆ ಬೋರವ್ವನ ಅತ್ತೆಯ ಬೈಗುಳದ ಧಾಟಿಗೆ ಕೂತಿತು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಬಸಗೊಂಡಪ್ಪ ಸೊಲ್ಲಾಪುರದ ವ್ಯಾಪಾರಿಯೊಬ್ಬನನ್ನು ಕರೆದುಕೊಂಡು ಬಂದ. ದೀಪಾವಳಿ ಮುಂದಿತ್ತು. ವ್ಯಾಪಾರಿ ಮಾಲು ಮೂಸಿ, ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಹೆಂಗಸರ ಹಾಡು ಕೇಳಿ ಬಸಗೊಂಡಪ್ಪನಿಗೆ ಎದೆಯುಬ್ಬಿತು.

"ನೋಡ್ರಿ ಶೇಠ, ನಮ್ಮಲ್ಲಿ ಎಲ್ಲಾ ಸಂಸ್ಕೃತಿ ಪರಕಾರ. ದುಡಕೋತ ಹಾಡತಾರ, ಹಾಡಕೋತ ದುಡೀತಾರ. ಮತ್ತ ಮಾಲಿನ ಮಾತಂದ್ರ, ಈ ಸಲ ಎಲ್ಲಾ ಕಡೆ ಕಡಿಮಿ ಐತ್ರಿ. ನನ್ನ ಕಡೇನೂ ಇಲ್ಲಿ ಕಾಣೂದ ಇಷ್ಟ. ಅದಕ್ಕ ರೇಟು—"

"ಪೂರೈಕೆ ಹೆಚ್ಚಾದ್ರ ಬೆಲೆ ಇಳೀತೈತಿ, ಸೋ," ಎಂದಿತು ಶೆಡ್ಡು.

ವ್ಯಾಪಾರಿ ತಲೆಯೆತ್ತಿದ. "ಕಾಯ? ಏನಂತಾರ?"

"ಏನೋ ಹಳ್ಳಿ ಪದಾರಿ. ನೀವು ಈ ಕಡೆ ಬರ್ರಿ."

ಚಂದ್ರಕಲಾಳ ಕಣ್ಣು ಮುಚ್ಚಿತ್ತು. ನಾಳಿನ ಉತ್ತರಪತ್ರಿಕೆ ಅವಳ ರೆಪ್ಪೆಯೊಳಗಿತ್ತು. "ಉದಾಹರಣಿ ಕೊಡ್ರಿ," ಎಂದು ಎತ್ತಿಕೊಟ್ಟಳು. ಬಾನುಬಿ ತಡಮಾಡಲಿಲ್ಲ.

"ಉದಾಹರಣಿಗಿ ಹಿಂದಿನ ಗೋದಾಮು ತುಂಬೈತಿ, ಸೋ..."

"ತುಂಬೈತಿ, ಸೋ..." ಎಂದರು ಆ ಸಾಲಿನವರು.

"ಬಾಗಲಾ ಹಾಕಾಕ ಬರವಲ್ದು, ಸೋ..." ಎಂದರು ಈ ಸಾಲಿನವರು.

ವ್ಯಾಪಾರಿ ಕೈಯಲ್ಲಿದ್ದ ದ್ರಾಕ್ಷಿಯನ್ನು ಪರಾತಕ್ಕೆ ಇಳಿಸಿದ. "ಬಸಗೊಂಡಪ್ಪ, ಮೊದಲ ಗೋದಾಮು ತೋರಸ್ರಿ. ಆಮ್ಯಾಲ ರೇಟಿನ ಮಾತ," ಎಂದು ನಕ್ಕು, ಹೊರಗೆ ಹೋಗಿ ಕಾರಿಗೆ ಒರಗಿ ನಿಂತ.

ಬಸಗೊಂಡಪ್ಪನ ಮುಖ ಕಪ್ಪಾದ ದ್ರಾಕ್ಷಿಯ ಹಾಗಾಯಿತು. ಎದುರಿಗಿದ್ದ ಪರಾತವನ್ನು ಒದ್ದ. ದ್ರಾಕ್ಷಿ ಚೆಲ್ಲಾಪಿಲ್ಲಿಯಾಯಿತು.

"ಯಾವ ರಂಡಿಲೇ ಅದನ್ನ ಹಾಡ್ದಾಕಿ? ನನ್ನ ಅನ್ನಾ ತಿಂದು ನನ್ನ ಗೋದಾಮಿನ ಲೆಕ್ಕಾ ಒದರ್ತೀರಿ? ಏ ಬೋರಿ, ಇದು ನಿನ್ನ ಮಗಳು ಕಲ್ತದ್ದೇನ? ನಾಳಿಂದ ಕಾಲೇಜ ಬಂದ್. ಪರೀಕ್ಷೆಕ ಹೋದ್ಲಂದ್ರ ಖೋಲಿ ಖಾಲಿ ಮಾಡ್ರಿ, ನಿಮ್ಮೌನ! ಬಾಯಿ ಮುಚ್ಚ್ರಿ ಎಲ್ಲಾರೂ! ಇನ್ನ ಈ ಶೆಡ್ಡಿನ್ಯಾಗ ಒಂದ ಸೊಲ್ಲು ಕೇಳಸ್ಬಾರ್ದು!"

ಎಲ್ಲರೂ ಬಾಯಿ ಮುಚ್ಚಿದರು.

ಆ ಶೆಡ್ಡಿನಲ್ಲಿ ಅಂಥ ಮೌನ ಎಂದೂ ಆಗಿರಲಿಲ್ಲ. ತಗಡಿನ ಮೇಲೆ ಗುಬ್ಬಿ ನಡೆದದ್ದು ಕೇಳಿಸಿತು. ಆಮೇಲೆ ಬಾನುಬಿ ಪರಾತದಿಂದ ಒಂದು ದ್ರಾಕ್ಷಿ ಎತ್ತಿದಳು. ಹಸಿರಾದದ್ದು, ಉದ್ದನೆಯದು, ಮೊದಲ ದರ್ಜೆಯದು. ಅದನ್ನು ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿದಳು. ಹಲ್ಲಿಲ್ಲದ ದವಡೆ ಮೆಲ್ಲಗೆ ಆಡತೊಡಗಿತು. ಶೆಡ್ಡು ಕಟ್ಟಿದಾಗಿನಿಂದ ಅಲ್ಲಿ ಕುಳಿತವಳು. ದ್ರಾಕ್ಷಿಯ ರುಚಿ ಹೇಗಿರುತ್ತದೆಂದು ಅವಳಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಅವಳ ಕಣ್ಣುಗಳು ಅಗಲವಾದವು. ಪಕ್ಕದವಳಿಗೂ ಒಂದು ಕೊಟ್ಟಳು.

ನೋಡುನೋಡುತ್ತಿದ್ದಂತೆ ಎರಡೂ ಸಾಲಿನ ಕೆನ್ನೆಗಳು ಉಬ್ಬಿದವು. ಸದ್ದಿಲ್ಲ, ಸೊಲ್ಲಿಲ್ಲ. ಸಾಹುಕಾರ ಹೇಳಿದ ಹಾಗೆಯೇ.

"ಏ! ಏ! ತಿನ್ನಾಕತ್ತೀರಿ! ಹಾಡ್ರಿಲೇ! ಹಾಡ್ರಿ!"

ಚಂದ್ರಕಲಾ ಎತ್ತಿದಳು. "ಸಂವಿಧಾನದ ಇಪ್ಪತ್ಮೂರನೇ ವಿಧಿ, ಸೋ... ಬಲವಂತದ ದುಡಿಮೆಗೆ ನಿಷೇಧ, ಸೋ... ಉದಾಹರಣಿಗಿ—"

"ಮುಚ್ಚ್ರಿ!"

ಮುಚ್ಚಿದರು. ದವಡೆಗಳು ಆಡಿದವು.

"ಹಾಡ್... ಅಲ್ಲ, ಸುಮ್ನಿ... ಏ ಭಾಡ್ಯಾ ಯಲಗೂರ್ಯಾ, ಏನರ ಮಾಡೋ!"

ಬಸಗೊಂಡಪ್ಪನ ಬಾಯಿ ಅರ್ಧ ತೆರೆದು ಅರ್ಧಕ್ಕೇ ನಿಂತಿತು. ಯಾವ ಮಾತು ಹೊರಟರೂ ಅವನದೇ ನಷ್ಟವಾಗಿತ್ತು. ಹೊರಗೆ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಬೋರವ್ವ ಬಾಯಲ್ಲಿದ್ದದ್ದನ್ನು ನುಂಗಿ, ಮಗಳ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

"ಏಳು. ಇನ್ನೂ ಬೆಳಕೈತಿ. ಹೋಗಿ ಓದ್ಕೊ."

"ಯವ್ವಾ, ಖೋಲಿ?"

"ಖೋಲಿದ್ದು ನಾ ನೋಡ್ತೀನಿ. ನಾಳೆ ಪೇಪರ್ ಬರಿಯಾಕಿ ನಾನಲ್ಲ, ನೀ. ಏಳಬೇ."

ಚಂದ್ರಕಲಾ ಎದ್ದು ಲಂಗ ಝಾಡಿಸಿದಳು. ಕಾಲಡಿಯ ದ್ರಾಕ್ಷಿ ತುಳಿಯದ ಹಾಗೆ ಹೆಜ್ಜೆ ಆರಿಸುತ್ತ ಎರಡು ಸಾಲುಗಳ ನಡುವೆ ನಡೆದಳು. ಮೊಳೆಗೆ ತೂಗುಹಾಕಿದ್ದ ಚೀಲವನ್ನು ಹೆಗಲಿಗೇರಿಸಿ ಬಾಗಿಲು ದಾಟಿದಳು.

"ಯಲಗೂರ್ಯಾ! ಹೊಂಟ್ಲಲ್ಲೋ! ನಿಲ್ಲು ಅನ್ನೋ ಆಕಿಗಿ! ಕರಿಯೋ!"

ಯಲಗೂರಪ್ಪ ಸಾಹುಕಾರನ ಕಡೆ ತಿರುಗಿದ. ಕರೆಯಬೇಕಾಗಿತ್ತು. ಆದರೆ ಅವನ ಎರಡೂ ಕೆನ್ನೆ ಉಬ್ಬಿದ್ದವು.