ಸೊಂಟದಲ್ಲಿ ಬಿಟ್ಟ ಬಟ್ಟೆ

ದರ್ಜಿಯ ಹೆಂಡತಿ ಗಂಡನ ಪ್ಯಾಂಟಿನಲ್ಲಿ ಮೋಸ ಮಾಡಲು ಹೊರಟದ್ದು ಅವನ ಒಳ್ಳೆಯದಕ್ಕೇ.

"ಲಿವರ್ ಊದಿದೆ. ಕುಡಿತ ಬಿಡಬೇಕು. ಕರಿದದ್ದು, ಬೆಣ್ಣೆ, ಸಿಹಿ ಯಾವುದೂ ಕೂಡದು," ಎಂದು ಡಾಕ್ಟರು ಹೇಳಿ ಕಳಿಸಿದರು. ಆ ಮಹಾರಾಯ ಮನೆಗೆ ಬಂದವನೇ ಹೊಲಿಗೆ ಮೆಷಿನ್ನಿನ ಮುಂದೆ ಕುಕ್ಕರಿಸಿದ.

"ಸರಿ ಕಣೇ, ಬಿಟ್ಟೆ. ಆದ್ರೆ ಈ ಪ್ಯಾಂಟು ಸಡಿಲ ಆಗ್ಬೇಕು. ಮುಂದಿನ ತಪಾಸಣೆ ಹೊತ್ತಿಗೂ ಹೀಗೇ ಬಿಗಿಯಾಗಿದ್ರೆ ಯಾವ ಸುಖಕ್ಕೆ ಬಾಯಿ ಕಟ್ಟೋದು? ಸಲೂನಿನವನ ಜೊತೆ ಹೋಗಿ ಕೂತ್ಬಿಡ್ತೀನಿ ನೋಡು."

ದರ್ಜಿಯ ಅಂಗಡಿ ಎದುರಿನ ಸಲೂನಿನವನು ಅವನ ಸಂಜೆಯ ಕುಡಿತದ ಜೊತೆಗಾರ. ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಏನಪ್ಪಾ ಸನ್ಯಾಸಿ, ಇವತ್ತೂ ಸೊಪ್ಪೇನಾ? ಕರಿದ ಮೀನು ನಿನ್ನ ಕೇಳ್ತಾ ಇತ್ತು!"

ದರ್ಜಿ ಜೊಲ್ಲು ನುಂಗಿಕೊಂಡು ಮನೆಗೆ ಬಂದು, ಬೇಯಿಸಿದ ತರಕಾರಿಯನ್ನು ಶಿಕ್ಷೆ ಅನುಭವಿಸುವವನಂತೆ ತಿನ್ನುತ್ತಿದ್ದ. ಬೆಳಿಗ್ಗೆ ಎದ್ದರೆ ಮೊದಲ ಕೆಲಸ, ಪ್ಯಾಂಟು ಹಾಕಿ ಸೊಂಟದೊಳಗೆ ಬೆರಳು ತೂರಿಸಿ ನೋಡುವುದು. ಬೆರಳು ಹೋಗುತ್ತಿರಲಿಲ್ಲ. ಮುಖ ದಿನೇದಿನೇ ಜೋತುಬೀಳುತ್ತ ಬಂತು. ಇವತ್ತೋ ನಾಳೆಯೋ ಈತ ಎದ್ದು ಸಲೂನಿನವನ ಜೊತೆ ಹೋಗುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಮೈ ಬಂದಾಗ ಬಿಚ್ಚಿಕೊಳ್ಳಲೆಂದು ದರ್ಜಿಗಳು ಸೊಂಟದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರಲ್ಲ, ಅವಳ ಕಣ್ಣು ಬಿದ್ದದ್ದು ಅದರ ಮೇಲೆ. ಅವನ ಸ್ನಾನವೆಂದರೆ ಬರುವ ಹಾಡೆಲ್ಲ ಮುಗಿಯಬೇಕು. ಎರಡನೇ ಹಾಡಿಗೆ ಅವಳು ಹೊಲಿಗೆ ಬಿಚ್ಚಿದ್ದಳು. ನಾಲ್ಕನೆಯದಕ್ಕೆ, ತುಸು ಸಡಿಲಿಸಿ ಕೈಯಲ್ಲೇ ಹೊಲಿದು ಗಂಟು ಹಾಕಿದ್ದಳು.

"ಲೇ! ಬೆರಳು ಹೋಯ್ತು ಕಣೇ!" ಒದ್ದೆ ತಲೆಯಲ್ಲೇ ಕುಣಿದುಬಿಟ್ಟ.

ಅವತ್ತು ಸೊಪ್ಪನ್ನು ಎರಡನೇ ಸಲ ಬಡಿಸಿಕೊಂಡ. ಸಂಜೆ ಸಲೂನಿನವನಿಗೆ, "ಹೋಗೋ, ನನ್ನ ಸೊಂಟ ನೋಡಿ ಹೊಟ್ಟೆಕಿಚ್ಚು ನಿನಗೆ," ಎಂದ. ಕೆಲದಿನ ಕಳೆದು ಗಂಡನ ಮುಖ ಮತ್ತೆ ಸಪ್ಪಗಾದಾಗ ಅವಳು ಇನ್ನೊಮ್ಮೆ ಸಡಿಲಿಸಿದಳು. ಆಮೇಲೆ ಬೆರಳಲ್ಲ, ಇಡೀ ಅಂಗೈಯೇ ಹೋಗತೊಡಗಿತು. ಇಷ್ಟೊಂದು ಬಿಚ್ಚಿದೆನೇ ಎಂದು ಅವಳಿಗೇ ಗಾಬರಿ.

ತಪಾಸಣೆಯ ದಿನ ಬೆಳಿಗ್ಗೆ ಪ್ಯಾಂಟು ನಿಲ್ಲದೆ ಜಾರಿತು. ಸೊಂಟ ಬಿಗಿ ಮಾಡೋಣವೆಂದು ದರ್ಜಿ ಅದನ್ನು ಒಳಹೊರಗು ಮಾಡಿದ.

"ಇದ್ಯಾರ ಹೊಲಿಗೆ? ಕೋಳಿ ಕೆದರಿದ ಹಾಗಿದೆ!"

ಅವಳು ಸೆರಗಿನ ತುದಿ ತಿರುವುತ್ತ ಎಲ್ಲ ಹೇಳಿದಳು. ಅವನು ಗಾಳಿ ಹೋದ ಚಕ್ರದಂತೆ ಕುಸಿದು ಕೂತ.

"ಹಾಗಾದ್ರೆ ನಾನು ಇಷ್ಟು ದಿನ ಹುಲ್ಲು ತಿಂದದ್ದೆಲ್ಲ ನೀರಿಗೆ ಹಾಕಿದ ಹಾಗಾಯ್ತು."

"ಅಳತೆ ಮಾಡಿ ನೋಡೋಣ ಬನ್ನಿ."

"ನಿನ್ನ ಕೈಗೆ ಟೇಪು ಕೊಡೋದಾ? ನನ್ನನ್ನ ಕಡ್ಡಿ ಮಾಡ್ಬಿಡ್ತೀಯ!"

ತಾನೇ ಅಳೆಯೋಣವೆಂದರೆ, ಬಗ್ಗಿ ನೋಡಿದೊಡನೆ ಹೊಟ್ಟೆ ಮಡಚಿ ಅಳತೆ ಕೆಡುತ್ತದೆ. ಕೊರಳಿಗೆ ಟೇಪು ಹಾಕಿಕೊಂಡು, ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸೀದಾ ಸಲೂನಿಗೆ ನುಗ್ಗಿದ. ಅವಳು ಹಿಂದೆಯೇ ಓಡಿದಳು.

"ನೀನೇ ಅಳೆಯೋ. ಸೊಂಟ ಇಳೀದಿದ್ರೆ ನಾನು ಮತ್ತೆ ಕುಡಿಯೋಕೆ ಬರ್ತೀನಿ, ಲಾಭ ನಿನಗೇ ತಾನೇ? ನಿನ್ನ ಮಾತಾದ್ರೆ ನಂಬ್ತೀನಿ."

ಕುರ್ಚಿಯಲ್ಲಿದ್ದ ಗಿರಾಕಿಯ ಅರ್ಧ ಮುಖ ನೊರೆಯಲ್ಲೇ ಉಳಿಯಿತು. ಸಲೂನಿನವನು ಕೈ ಒರೆಸಿಕೊಂಡು, ಆದಷ್ಟೂ ಸಡಿಲವಾಗಿ ಟೇಪು ಸುತ್ತಿದ.

"ಮೊದಲೆಷ್ಟಿತ್ತು?"

"ನಲವತ್ತೆರಡು."

ಸಲೂನಿನವನು ಟೇಪು ನೋಡಿದ. ಕನ್ನಡಕ ಏರಿಸಿ ಮತ್ತೆ ನೋಡಿದ.

"ನಲವತ್ತು! ಅಯ್ಯೋ ಪಾಪಿ, ಕೈಬಿಟ್ಟು ಹೋದೆಯಲ್ಲೋ!"

ಗಿರಾಕಿ ನೊರೆ ಮುಖದಲ್ಲೇ ಚಪ್ಪಾಳೆ ತಟ್ಟಿದ. ಹೆಂಡತಿಗೆ ಅಳುವೋ ನಗುವೋ ತಿಳಿಯದೆ ಎರಡೂ ಒಟ್ಟಿಗೆ ಬಂದವು.

ಮನೆಗೆ ಬಂದು ದರ್ಜಿ ಪ್ಯಾಂಟನ್ನು ಹೊಸ ಅಳತೆಗೆ ಹೊಲಿದ. ಆಮೇಲೆ ಕತ್ತರಿ ಎತ್ತಿಕೊಂಡು, ಒಳಗೆ ಉಳಿದಿದ್ದ ಹೆಚ್ಚಿನ ಬಟ್ಟೆಗೆ ಇಟ್ಟ.

"ಅಯ್ಯೋ, ಸ್ವಲ್ಪನಾದ್ರೂ ಬಿಡ್ರೀ! ನಾಳೆ ಬೇಕಾದ್ರೆ?"

"ಬಿಟ್ರೆ ನೀನು ಮತ್ತೆ ಬಿಚ್ತೀಯ," ಎಂದು ಕಚಕ್ಕನೆ ಕತ್ತರಿಸಿ, ಆ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದ. "ನಡಿ, ಡಾಕ್ಟರಿಗೆ ಹೊತ್ತಾಯ್ತು."