ಹೆಷನ್‌ರ ಮನೆಗೆ ಪೂಜೆಪೆಟ್ಟಿಗೆ

"ಈ ವಸಂತದ ಮನೆಪೂಜೆ ಬರುವ ಗುರುವಾರ ಸಂಜೆ ಏಳು ಗಂಟೆಗೆ, ಮ್ಯಾಟಿ ಮತ್ತು ಡೀಲಿಯಾ ಹೆಷನ್ ಅವರ ಮನೆಯಲ್ಲಿ" ಎಂದು ಫಾದರ್ ಒಬಿನ್ನ ಓದಿ ಮುಗಿಸಿದಾಗ, ಚರ್ಚಿನಲ್ಲಿ ಕೆಮ್ಮುತ್ತಿದ್ದವರು ಕೂಡ ಕೆಮ್ಮುವುದನ್ನು ನಿಲ್ಲಿಸಿದರು. ಬ್ರೈಡಿ ಲಿನೇನ್ ಕೈಯಲ್ಲಿದ್ದ ಜಪಮಾಲೆ ನಿಂತುಹೋಯಿತು. ಕೋಲ್ಮನ್ ಟೂಹಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ಎಂಬತ್ತರ ಮುದುಕ, ಕಿವಿ ಮಾತ್ರ ಚುರುಕು. ಅವನ ಕತ್ತು ಅಲ್ಲಾಡಲಿಲ್ಲ, ಆದರೆ ಇಡೀ ಚರ್ಚು ಅದನ್ನೇ ನೋಡುತ್ತಿತ್ತು. ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಡೀಲಿಯಾ ಹೆಷನ್ ಕಿವಿಯ ತುದಿಯವರೆಗೆ ಕೆಂಪಾಗಿ ಕುಳಿತಿದ್ದಳು.

ಫಾದರ್‌ದು ಏನೂ ತಪ್ಪಿಲ್ಲ. ನೈಜೀರಿಯಾದಿಂದ ನಮ್ಮ ಡೂನಕ್ರೀನ್ ಊರಿಗೆ ಬಂದು ಅವರಿಗೆ ಒಂದೇ ಒಂದು ಚಳಿಗಾಲ ಕಳೆದಿತ್ತು. ಪಾದ್ರಿ ಮನೆಗೇ ಬಂದು ಊರವರನ್ನೆಲ್ಲ ಸೇರಿಸಿ ನಡೆಸುವ ಮನೆಪೂಜೆ ನಮ್ಮಲ್ಲಿ ವರ್ಷಕ್ಕೆ ಎರಡು ಸಲ, ಸರದಿಯ ಮೇಲೆ ಒಂದೊಂದು ಸಲ ಒಂದೊಂದು ಮನೆಯಲ್ಲಿ. ಹಿಂದಿನ ಪಾದ್ರಿಗೆ ಸರದಿ ಬಾಯಿಪಾಠವಾಗಿತ್ತು. ಇವರು ಪಾಪ, ಕಾರು ಓಡಿಸಿಕೊಂಡು ಹೋಗಿ ಮನೆ ಆದ ಮೇಲೆ ಮನೆ ನೋಡಿಕೊಂಡು ಬಂದಿದ್ದಾರೆ. ಟೂಹಿಯವರ ಮನೆ ದಾಟಿದರೆ ಹೆಷನ್‌ರ ಮನೆ. ಕಣ್ಣಿದ್ದವರಿಗೆ ಹಾಗೇ ಕಾಣುತ್ತದೆ. ನಮಗೆ ಮಾತ್ರ ಆ ಮನೆ ತಾತಂದಿರ ಕಾಲದಿಂದ ಕಂಡಿರಲಿಲ್ಲ. ಸರದಿ ಟೂಹಿಯವರ ಮನೆಗೆ ಬಂದರೆ ಅಲ್ಲಿಂದ ಒಂದೇ ನೆಗೆತಕ್ಕೆ ಸೇತುವೆ ಆಚೆಗೆ ಹೋಗಿಬಿಡುತ್ತಿತ್ತು. ಹಾಗೆ ನೆಗೆದು ಹೋಗಬೇಕೆಂದು ಯಾರೂ ಹೇಳಿದ್ದಲ್ಲ, ಯಾರೂ ಬೇಡ ಎಂದದ್ದೂ ಇಲ್ಲ.

ಕಾರಣ ಕೇಳಿದರೆ ಈಗಿನ ಹುಡುಗರಿಗೆ ನೆಟ್ಟಗೆ ಹೇಳಲೂ ಬರುವುದಿಲ್ಲ. ಜಮೀನ್ದಾರರ ಕಾಲದಲ್ಲಿ ಊರಿಗೆ ಊರೇ ಒಟ್ಟಾಗಿ ಗೇಣಿ ಕೊಡುವುದಿಲ್ಲ ಎಂದು ನಿಂತಿತ್ತು. ಆಗ ಜಮೀನ್ದಾರ ಎಲ್ಲರಿಗೂ ಬುದ್ಧಿ ಬರಲಿ ಎಂದು ಟೂಹಿಯವರನ್ನು ಹಿಡಿದ. ಪೊಲೀಸರು ಬಂದು ಮಂಚ, ಪಾತ್ರೆ, ತೊಟ್ಟಿಲು ಎಲ್ಲವನ್ನೂ ಅಂಗಳಕ್ಕೆಸೆದು ಬಾಗಿಲಿಗೆ ಬೀಗ ಜಡಿದರು. ಕೋಲ್ಮನ್ನನ ಅಜ್ಜ ಆಗ ಇಷ್ಟುದ್ದದ ಹುಡುಗ. ಹೀಗೆ ಹೊರಗೆ ಹಾಕಿಸಿಕೊಂಡವರ ಮನೆಯನ್ನು ಯಾರೂ ಮುಟ್ಟಬಾರದು ಎಂಬುದು ಊರಿನ ಕಟ್ಟು. ಬೆಟ್ಟದ ಆಚೆಯಿಂದ ಬಂದ ಹೆಷನ್ ಎಂಬವನು ಮುಟ್ಟಿದ. ಮನೆ, ಹೊಲ ಎರಡನ್ನೂ ತೆಗೆದುಕೊಂಡ. ಡೀಲಿಯಾಳ ಮುತ್ತಜ್ಜ ಅವನು. ಆಮೇಲೆ ಅವನ ಕುದುರೆಗೆ ಲಾಳ ಕಟ್ಟುವವರಿಲ್ಲ, ಅವನ ಹಾಲು ಕೊಳ್ಳುವವರಿಲ್ಲ. ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಬೆಟ್ಟದ ಆಚೆಯಿಂದಲೇ ಜನ ಬರಬೇಕಾಯಿತು. ಟೂಹಿಯವರು ಅದೇ ರಸ್ತೆಯ ಇಳಿಜಾರಿನಲ್ಲಿ ಗುಡಿಸಲು ಹಾಕಿಕೊಂಡರು, ನಿಧಾನಕ್ಕೆ ಅದನ್ನೇ ಮನೆ ಮಾಡಿಕೊಂಡರು. ಕಾಲ ಕಳೆದಂತೆ ಮಾತು ಬಂತು, ನಮಸ್ಕಾರ ಬಂತು, ದನದ ವ್ಯಾಪಾರವೂ ಬಂತು. ಮನೆಪೂಜೆ ಮಾತ್ರ ಬರಲಿಲ್ಲ.

ಡೀಲಿಯಾಳನ್ನು ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು. ಶಾಲೆಯ ಬಸ್ಸು ಓಡಿಸುವವಳು ಅವಳೇ. ಊರಿನ ಒಂದು ತಲೆಮಾರಿನ ಮೂಗು ಒರೆಸಿದ್ದಾಳೆ, ಬೂಟಿನ ಲೇಸು ಕಟ್ಟಿದ್ದಾಳೆ, ವಾಂತಿ ಬಳಿದಿದ್ದಾಳೆ. ಅಂಥವಳ ಅಡುಗೆಮನೆಯ ಗೋಡೆಗೆ ಯಾವ ಬಣ್ಣ ಎಂದು ಕೇಳಿದರೆ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಣ್ಣ ಮ್ಯಾಟಿ ದನ ಸಾಕಿಕೊಂಡಿದ್ದ. ಇಬ್ಬರಿಗೂ ಮದುವೆಯಾಗಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಮ್ಯಾಟಿ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, "ಫಾದರ್‌ಗೆ ಫೋನ್ ಮಾಡಿ ಆಗಲ್ಲ ಅನ್ನು. ಜ್ವರ ಅನ್ನು, ದನಕ್ಕೆ ರೋಗ ಅನ್ನು" ಎಂದ.

"ಈಗ ಆಗಲ್ಲ ಅಂದ್ರೆ ಆ ಪೂಜೆ ಇನ್ನು ಈ ಮನೆ ಕಡೆ ತಿರುಗಿ ನೋಡಲ್ಲ ಕಣೋ. ಆಮೇಲೆ ನೀನೂ ಇರಲ್ಲ, ನಾನೂ ಇರಲ್ಲ."

"ಯಾರೂ ಬರ್ದೇ ಹೋದ್ರೆ?"

"ಬರ್ದೇ ಹೋದ್ರೆ ಅದಾದ್ರೂ ಗೊತ್ತಾಗತ್ತಲ್ಲ. ನಂಗೆ ಸಾಕಾಗಿದೆ ಮ್ಯಾಟಿ. ದಿನಾ ಎಲ್ರ ಮನೆ ಗೇಟು ನೋಡ್ಕೊಂಡು ಬರ್ತೀನಿ, ನಮ್ ಗೇಟು ಒಬ್ರೂ ತೆಗೆದದ್ದು ನೋಡಿಲ್ಲ."

ಸಂಜೆ ಹೊತ್ತಿಗೆ ಮ್ಯಾಟಿ ಸುಣ್ಣ ಕಲಸಿಕೊಂಡು ಹೊರಗೋಡೆಗೆ ಬಳಿಯುತ್ತಿದ್ದ.

ಮನೆಪೂಜೆ ಎಂದರೆ ಮನೆ ತಲೆಕೆಳಗಾಗುವ ಕೆಲಸ. ಕಿಟಕಿಗೆ ಬಣ್ಣ, ಒಲೆಗೆ ಕರಿ ಪಾಲಿಶು, ಯಾವತ್ತೂ ತೆರೆಯದ ಬೀರುವಿನ ಒಳಗೂ ಗುಡಿಸುವುದು. ಪಾದ್ರಿ ಬೀರು ತೆಗೆದು ನೋಡುತ್ತಾರೇನೋ ಎನ್ನುವ ಹಾಗೆ. ಕುರ್ಚಿ, ಕಪ್ಪು, ಚಮಚಗಳನ್ನು ಅಕ್ಕಪಕ್ಕದವರೇ ಹೊತ್ತುಕೊಂಡು ಬಂದು ಇಳಿಸುತ್ತಾರೆ. ಹೆಷನ್‌ರ ಮನೆಗೆ ಬುಧವಾರ ಕಳೆದರೂ ಒಂದು ಚಮಚವೂ ಬರಲಿಲ್ಲ. ಇದ್ದದ್ದು ನಾಲ್ಕು ಕುರ್ಚಿ. ಡೀಲಿಯಾ ಒಬ್ಬರನ್ನೂ ಕೇಳಲಿಲ್ಲ. ಕೊಟ್ಟಿಗೆಯ ಹಿಂದೆ ಕೆಟ್ಟು ನಿಂತಿದ್ದ ಹಳೆಯ ಬಸ್ಸಿನ ಸೀಟುಗಳನ್ನು ಅಣ್ಣನ ಕೈಯಲ್ಲಿ ಬಿಚ್ಚಿಸಿ, ಸೋಪು ಹಾಕಿ ತಿಕ್ಕಿ, ಅಡುಗೆಮನೆಯಲ್ಲಿ ಸಾಲಾಗಿ ಇರಿಸಿದಳು. ಸೀಟಿನ ಬೆನ್ನಿನ ಮೇಲೆ ಊರ ಮಕ್ಕಳೆಲ್ಲ ಹೆಸರು ಕೆತ್ತಿದ್ದರು. ಯಾರ್ಯಾರು ಯಾರ್ಯಾರನ್ನು ಪ್ರೀತಿಸುತ್ತಿದ್ದರು ಎಂಬುದೂ ಅಲ್ಲೇ ಇತ್ತು. ಈಗ ಅವರಲ್ಲಿ ಅರ್ಧ ಜನ ಬೇರೆಯವರನ್ನು ಮದುವೆಯಾಗಿದ್ದಾರೆ. ಅದನ್ನು ತಿಕ್ಕಿದರೂ ಹೋಗಲಿಲ್ಲ.

ಕುರ್ಚಿ ಏನೋ ಆಯಿತು. ಪೂಜೆಪೆಟ್ಟಿಗೆಯ ಮಾತು ಬೇರೆ. ಶಿಲುಬೆ, ಮೇಣದಬತ್ತಿ, ಮೇಜಿಗೆ ಹಾಸುವ ಬಿಳಿ ಬಟ್ಟೆ ಎಲ್ಲ ಇರುವ ಮರದ ಪೆಟ್ಟಿಗೆ ಅದು. ಹಿಂದಿನ ಸಲ ಪೂಜೆ ನಡೆದ ಮನೆಯವರು ಈ ಸಲದ ಮನೆಗೆ ತಮ್ಮ ಕೈಯಾರೆ ತಂದು ಕೊಡಬೇಕು. ಕಳೆದ ಶರತ್ಕಾಲದಿಂದ ಅದು ಕೋಲ್ಮನ್ ಟೂಹಿಯ ಮನೆಯಲ್ಲಿತ್ತು. ಇನ್ನೊಂದು ಸಂಗತಿ, ಮನೆಪೂಜೆಗೆ ಬನ್ನಿ ಎಂದು ಯಾರೂ ಯಾರನ್ನೂ ಕರೆಯುವುದಿಲ್ಲ. ಕರೆದರೆ ನಾವೇನು ಬಾರದೆ ಇರುವವರೇ ಎಂದು ಸಿಟ್ಟಾಗುತ್ತಾರೆ. ಡೀಲಿಯಾ ಪದ್ಧತಿ ಬಿಡಲಿಲ್ಲ. ಒಬ್ಬರನ್ನೂ ಕರೆಯಲಿಲ್ಲ.

ಗುರುವಾರ ಆರೂವರೆಗೆ ಫಾದರ್ ಬಂದರು. ಬಸ್ಸಿನ ಸೀಟು ನೋಡಿ ಖುಷಿಪಟ್ಟು ಮೊದಲನೆಯದರಲ್ಲೇ ಕುಳಿತರು. ಮೇಜಿನ ಮೇಲೆ ಸೋಡಾ ಬ್ರೆಡ್ಡು, ಹಂದಿಮಾಂಸ, ಸೇಬಿನ ಟಾರ್ಟು, ಮ್ಯಾಟಿ ತಂದ ವಿಸ್ಕಿ ಬಾಟಲಿ ಎಲ್ಲ ಸಿದ್ಧವಾಗಿದ್ದವು. ಜನವೇ ಇಲ್ಲ. ಡೀಲಿಯಾ ಕಿಟಕಿಯಿಂದ ಇಣುಕಿದಳು. ರಸ್ತೆಯ ಕಲ್ಲುಗೋಡೆಯ ಮೇಲೆ ಸಾಲಾಗಿ ತಲೆಗಳು. ಊರಿಗೆ ಊರೇ ಬಂದಿತ್ತು, ಬಂದು ಗೇಟಿನ ಹೊರಗೆ ನಿಂತಿತ್ತು. ಹವೆಯ ಮಾತು, ಕುರಿಯ ಮಾತು, ಯಾರದೋ ಮೊಣಕಾಲು ನೋವಿನ ಮಾತು ಜೋರಾಗಿ ನಡೆದಿತ್ತು. ಗೇಟಿಗೆ ಮಾತ್ರ ಒಬ್ಬರೂ ಕೈ ಹಾಕಲೊಲ್ಲರು. ಅವರಿಗೆ ಮನಸ್ಸಿರಲಿಲ್ಲ ಎನ್ನಬೇಡಿ. ಟೂಹಿಯವನಿಗಿಂತ ಮೊದಲು ಆ ಅಂಗಳದಲ್ಲಿ ಕಾಲಿಡುವ ಧೈರ್ಯ ಯಾರಿಗೂ ಇರಲಿಲ್ಲ. ಟೂಹಿಯ ಸುಳಿವೇ ಇರಲಿಲ್ಲ.

ಪೆಟ್ಟಿಗೆ ಎಲ್ಲಿದೆ ಹೇಳಿ, ಕಾರಿನಲ್ಲಿ ಹೋಗಿ ತಂದುಬಿಡುತ್ತೇನೆ ಎಂದು ಫಾದರ್ ಎದ್ದರು. ನೀವು ತಂದರೆ ಆಗುವುದಿಲ್ಲ ಎಂದಳು ಡೀಲಿಯಾ. ಯಾಕೆ ಎಂದು ಅವರು ಕೇಳಿದರು. ಹೇಳಲು ಹೊರಟರೆ ರಾತ್ರಿಯಾಗುತ್ತದೆ ಎಂದು ಮ್ಯಾಟಿ ನೆಲ ನೋಡಿಕೊಂಡು ಹೇಳಿದ. ಡೀಲಿಯಾ ಹಾಗೇ ಏಪ್ರನ್ನಿನಲ್ಲೇ ಹೊರಗೆ ಬಂದಳು, ಗೇಟು ತಾನೇ ತೆಗೆದಳು. ಮಾತು ಗಪ್ಪೆಂದು ನಿಂತಿತು. ಬ್ರೈಡಿ ಲಿನೇನ್ ಏನಾದರೂ ಹೇಳಲೇಬೇಕಲ್ಲ ಎಂದು ಮಳೆ ಬರುವ ಹಾಗಿಲ್ಲ ಅಂದಳು. ಇಲ್ಲ ಬ್ರೈಡಿ, ಬರುವ ಹಾಗಿಲ್ಲ ಎಂದು ಡೀಲಿಯಾ ಅವರೆಲ್ಲರ ನಡುವೆಯೇ ರಸ್ತೆ ಇಳಿದು ಹೋದಳು.

ಟೂಹಿಯವರ ಗೇಟಿನ ಮುಂದೆ ಅವಳು ದಿನಕ್ಕೆರಡು ಸಲ ಬಸ್ಸು ನಿಲ್ಲಿಸುತ್ತಿದ್ದಳು. ಕೋಲ್ಮನ್ನನ ಮೊಮ್ಮಕ್ಕಳನ್ನು ಅಲ್ಲೇ ಇಳಿಸುತ್ತಿದ್ದಳು. ಒಳಗೆ ಕಾಲಿಟ್ಟದ್ದು ಇದೇ ಮೊದಲು. ಸೊಸೆ ನೊರೀನ್ ಬಾಗಿಲು ತೆಗೆದವಳು ಏನೂ ಕೇಳದೆ ಅಡುಗೆಮನೆಯ ಕಡೆ ಕೈ ತೋರಿಸಿದಳು. ಒಲೆಯ ಪಕ್ಕದಲ್ಲಿ ಕೋಲ್ಮನ್ ಸಾವಿನ ಮನೆಗೂ ಮದುವೆಗೂ ಹಾಕುವ ಕಪ್ಪು ಸೂಟು ಹಾಕಿಕೊಂಡು, ಗಡ್ಡ ಹೆರೆದುಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಮಧ್ಯಾಹ್ನದ ಊಟ ಆದಾಗಿಂದ ಹಿಂಗೇ ಕೂತವ್ರೆ" ಎಂದಳು ನೊರೀನ್. "ಏಳೋದೂ ಇಲ್ಲ, ಪೆಟ್ಟಿಗೆ ನನ್ ಕೈಗೆ ಕೊಡೋದೂ ಇಲ್ಲ."

"ಪೆಟ್ಟಿಗೆಗೆ ಬಂದ್ಯಾ?" ಎಂದು ಕೋಲ್ಮನ್ ಕೇಳಿದ. "ತಗೊಂಡು ಹೋಗು. ಬೇಡ ಅನ್ನೋಕೆ ಅದೇನು ನಂದಾ?"

ಡೀಲಿಯಾ ಪೆಟ್ಟಿಗೆಯ ಕಡೆ ಕೈ ಚಾಚಿದ್ದಳು. ಮುದುಕನ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡಳು.

"ಪೆಟ್ಟಿಗೆಗಲ್ಲ. ನಿಮ್ಮನ್ನ ಕರೆಯೋಕೆ ಬಂದೆ. ಬನ್ನಿ ನಮ್ಮನೆಗೆ."

ಕೋಲ್ಮನ್ ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. "ಈ ಊರಲ್ಲಿ ಯಾರ ಮನೆಗಾದ್ರೂ ಕರೀದೇ ಹೋಗ್ತೀನಿ ನಾನು. ಹೊರಗೆ ಹಾಕಿಸ್ಕೊಂಡ ಮನೆಗೆ ಕರೀದೇ ಹೋಗೋದು ಹೆಂಗಮ್ಮ? ನಮ್ಮಜ್ಜ ಕರೀತಾರೆ ಅಂತ ಕಾದ. ನಮ್ಮಪ್ಪನೂ ಕಾದ."

"ನಮ್ಮೋರು ಕರೆದ್ರೆ ನೀವೆಲ್ಲಿ ಮುಖಕ್ಕೆ ಉಗೀತೀರೋ ಅಂತ ಹೆದರ್ಕೊಂಡೇ ಸತ್ರು."

"ಉಗೀತಿದ್ರೋ ಏನೋ" ಎಂದ ಕೋಲ್ಮನ್. ನಿಜವನ್ನೇ ಹೇಳಿದ. ನೊರೀನ್‌ಗೆ ತಾಳ್ಮೆ ಮುಗಿದಿತ್ತು. ನೀವಿಬ್ಬರೂ ಹೀಗೆ ಕುಳಿತರೆ ಫಾದರ್ ಮನೆಗೆ ಹೋಗಿ ಮಲಗುತ್ತಾರೆ ಎಂದು ಮಾವನ ರಟ್ಟೆ ಹಿಡಿದು ಎಬ್ಬಿಸಿದಳು.

ಪೆಟ್ಟಿಗೆಗೆ ಎರಡು ಕಡೆ ಹಗ್ಗದ ಹಿಡಿ. ಒಂದನ್ನು ಅವನು ಹಿಡಿದ, ಇನ್ನೊಂದನ್ನು ಅವಳು. ಏರುರಸ್ತೆ, ಮುದುಕನ ಉಸಿರು ಸಾಲದು. ಅಲ್ಲಲ್ಲಿ ನಿಂತು ನಿಂತು ಹೋದರು. ಗೋಡೆಯ ಬಳಿ ನಿಂತಿದ್ದವರು ಟೋಪಿ ತೆಗೆದು ದಾರಿ ಬಿಟ್ಟರು. ಅವರಿಬ್ಬರೂ ಗೇಟು ದಾಟಿದ ಮೇಲೆ ಊರೆಲ್ಲ ಅವರ ಹಿಂದೆಯೇ ಸಾಲಾಗಿ ನಡೆದುಬಂತು, ತಾವೇ ಮೊದಲು ಒಳಗೆ ಹೋಗಬೇಕಿತ್ತು ಎನ್ನುವ ಠೀವಿಯಲ್ಲಿ. ನಮ್ಮ ಜನಕ್ಕೆ ಇದೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಮ್ಯಾಟಿ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತಿದ್ದ.

ಹೊಸ್ತಿಲ ಹತ್ತಿರ ಕೋಲ್ಮನ್ ನಿಂತ. "ಬಾಗಿಲು ತಗ್ಗು, ತಲೆ ಜೋಪಾನ ಅಂತ ಅಜ್ಜ ಹೇಳ್ತಿದ್ದ" ಎಂದು ಯಾರಿಗೂ ಅಲ್ಲದಂತೆ ಹೇಳಿ, ತಲೆಯನ್ನು ಎದೆಯವರೆಗೆ ತಗ್ಗಿಸಿ ನಿಧಾನಕ್ಕೆ ಒಳಗೆ ಕಾಲಿಟ್ಟ. ಆ ಬಾಗಿಲನ್ನು ಡೀಲಿಯಾಳ ಅಪ್ಪ ಒಡೆಸಿ ಎತ್ತರಿಸಿ ಎಷ್ಟೋ ವರ್ಷವಾಗಿತ್ತು. ಆಳೆತ್ತರದ ಮೇಲೆ ಇನ್ನೂ ಒಂದು ಮೊಳ ಜಾಗವಿತ್ತು. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದುಕೊಂಡು, ಡೀಲಿಯಾಳೂ ತಲೆ ಬಗ್ಗಿಸಿ ಅವನ ಹಿಂದೆ ಒಳಗೆ ಹೋದಳು.