ಹೆಸರಿಲ್ಲದ ಮುಯ್ಯಾಳು

“ನನ್ನ ಗದ್ದಿಯಾಗ ಕಳೆ ಕೀಳಾಕ ನಿನಗ ಯಾರಲೇ ಹೇಳಿದ್ರು?”

ಕಾಲುವೆಯ ಏರಿಯ ಮೇಲೆ ನಿಂತು ಪಕ್ಕದ ಗದ್ದೆಯ ಗಾಳೆಪ್ಪನಿಗೆ ಬೈದೆ.

“ನನ್ನ ಕಳೆ ಕೀಳಾಕ ನನಗ ಟೈಮಿಲ್ಲ, ನಿಂದು ಕೀಳ್ತೀನೇನಲೇ? ತಲಿ ಕೆಟ್ಟೈತೇನು ಗಾದಿಲಿಂಗ?”

“ಗೊತ್ತೈತಿ ನಿನ್ನ ಆಟ! ಈಗ ಹೇಳದ ಕೇಳದ ದುಡಿಯೋದು, ಕೊಯ್ಲಿಗೆ ಬಂದು ಮುಯ್ಯಿ ಕೇಳೋದು!”

ನಮ್ಮೂರು ಮೆಟ್ರಿಯಲ್ಲಿ ಒಬ್ಬ ನಮ್ಮ ಗದ್ದೆಯಲ್ಲಿ ಒಂದು ದಿನ ದುಡಿದರೆ ನಾವೂ ಅವನ ಗದ್ದೆಯಲ್ಲಿ ಒಂದು ದಿನ ದುಡಿಯಬೇಕು. ಅದು ಮುಯ್ಯಿ. ಉಳಿಸಿಕೊಂಡವನಿಗೆ ಊರಲ್ಲಿ ಮರ್ಯಾದೆಯಿಲ್ಲ. ನನ್ನ ಗದ್ದೆಯ ಆರು ಮಡಿಯ ಕಳೆ ಹತ್ತು ದಿನದಲ್ಲಿ ಮಾಯವಾಗಿತ್ತು. ನೀರಿನ ಪಾಳಿ ನಮಗೆ ಬಂದಾಗ ನಾನು ಹೋಗುವುದರೊಳಗೆ ಮಡಿ ತುಂಬಿರುತ್ತಿತ್ತು. ಹಿತ್ತಲಲ್ಲಿ ಕಟ್ಟಿಗೆ ಒಡೆದು ಒಟ್ಟಿರುತ್ತಿತ್ತು. ಸಿಟ್ಟು ಬರುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೂ ಬಂತು. ನನಗೆ ಬರುತ್ತದೆ.

ನನ್ನ ಹೆಂಡತಿ ತಾಯಕ್ಕ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. “ದುಡಿದಾವ ಯಾರರ ಆಗ್ಲಿ, ಉಣ್ಣಬೇಕಲ್ರಿ,” ಎಂದು ಎರಡು ರೊಟ್ಟಿ, ಶೇಂಗಾ ಚಟ್ನಿ ಹಿತ್ತಲ ಗೋಡೆಯ ಮೇಲಿಟ್ಟಳು. ಬೆಳಿಗ್ಗೆ ತಟ್ಟೆ ತೊಳೆದು ಬೋರಲು ಹಾಕಿತ್ತು.

ನಿಜ ಹೇಳಬೇಕೆಂದರೆ ಅವು ಸುಖದ ದಿನಗಳು. ಕಾಲುವೆ ತುಂಬಿ ಹರಿಯುತ್ತಿತ್ತು, ಐ.ಆರ್. ಎಂಟು ತಳಿಯ ಬತ್ತ ಮೊಳಕಾಲಿಗೆ ಬಂದಿತ್ತು. ಸಂಜೆ ಮೂರನೇ ಕ್ಲಾಸಿನ ಮಗಳು ಸುಂಕಮ್ಮ ತಾಯಿಗೆ ಅಕ್ಷರ ಕಲಿಸುತ್ತಿದ್ದಳು. “ಜೋರಾಗಿ ಅನ್ನಬೇ!” ಎಂದು ಗದರುತ್ತಿದ್ದಳು. ಸಿಡುಬಿನಿಂದ ಕಣ್ಣು ಕಳೆದುಕೊಂಡಿದ್ದ ನಮ್ಮಪ್ಪ ಹಂಪಯ್ಯ ಗೋಡೆಗೆ ಒರಗಿ ನಗುತ್ತಿದ್ದ. ಆ ಗೋಡೆಯ ಆಚೆ ನಮ್ಮ ಹುಲ್ಲಿನ ಕೊಟ್ಟಿಗೆ.

“ಆಚಿಗೆ ಯಾರೋ ಸಣ್ಣಗ ಓದಾಕತ್ಯಾರಲೇ,” ಎಂದ ಒಂದು ಸಂಜೆ.

“ಇಲಿ ಇರ್ಬೇಕಪ್ಪ.”

“ಇಲಿ ಅ, ಆ, ಇ, ಈ ಅಂತಾವೇನಲೇ?”

ಮುದುಕನ ಮಾತೆಂದು ನಾನು ಎದ್ದು ನೋಡಲಿಲ್ಲ.

ಬೆಳೆ ಚೆನ್ನಾಗಿದೆಯೆಂದು ತಾಯಕ್ಕನಿಗೆ ಸೀರೆ ತರಲು ಒಂದು ದಿನ ಅಪ್ಪನನ್ನು ಮನೆಯಲ್ಲಿ ಬಿಟ್ಟು ನಾವು ಮೂವರೂ ಕಂಪ್ಲಿಗೆ ಹೋದೆವು. ಮೊದಲನೇ ಅಂಗಡಿಯಲ್ಲೇ ಆಕೆಗೆ ಹಸಿರು ಸೀರೆ ಹಿಡಿಸಿಬಿಟ್ಟಿತು. ಹಾಗಾಗಿ ಸಂಜೆಯ ಬಸ್ಸಿಗೆ ಬರಬೇಕಾದವರು ಮಧ್ಯಾಹ್ನವೇ ಮನೆಗೆ ಬಂದೆವು.

ನಡುಮನೆಯಲ್ಲಿ ಅಪ್ಪನ ಮುಂದೆ ಯಾರೋ ಒಬ್ಬ ಕೂತಿದ್ದ. ಕೂತರೂ ನನ್ನ ಎದೆಯಷ್ಟು ಎತ್ತರ. ಮುಖವನ್ನು ಗೋಣಿಚೀಲದ ಬಾಯಿಯಂತೆ ದಾರ ಹಾಕಿ ಹೊಲಿದಿತ್ತು. ಕಣ್ಣು ಹಳದಿ. ಒಂದು ಕೈ ಕಪ್ಪು, ಇನ್ನೊಂದು ಬಿಳಿ. ಆ ಕಪ್ಪು ಕೈಯನ್ನು ಅಪ್ಪ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಸುಂಕಮ್ಮ ಚೀರಿದಳು. ಮೂಲೆಯ ಬಾರುಕೋಲು ನನ್ನ ಕೈಗೆ ಬಂತು. ನಾಲ್ಕು ಏಟು ಹಾಕಿದೆ. ಮನಸ್ಸು ಮಾಡಿದ್ದರೆ ಅವನು ನನ್ನನ್ನು ಕಬ್ಬಿನಂತೆ ಮುರಿಯಬಹುದಿತ್ತು. ಕೈ ಎತ್ತಲಿಲ್ಲ.

“ಹೊಡೀಬ್ಯಾಡಲೇ! ನಿನ್ನ ಮುಯ್ಯಾಳು ಅಂವ, ಕೊಟ್ಟಿಗ್ಯಾಗ ಇದ್ದಾಂವ!” ಅಪ್ಪ ಕೂಗಿದ. “ಯಾವನೋ ಡಾಕ್ಟ್ರು ಸತ್ತವರ ಕೈಕಾಲು ಕೂಡಿಸಿ ಹೊಲಿದಾನಂತ. ಇಂವ ಎದ್ದು ಕುಂತಮ್ಯಾಲ ಮಾರಿ ನೋಡಿ ಓಡಿ ಹೋದ್ನಂತ. ನೀನೂ ಹಂಗ ಮಾಡ್ತಿಯೇನು? ಈ ಕೈ ಮುಟ್ಟಿ ನೋಡು. ಯಾವನೋ ರೈತಂದು.”

ಕೋಲು ಕೆಳಗಿಳಿಯಿತು. ತಪ್ಪಾಯಿತು, ಇಲ್ಲೇ ಇರು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

“ಎಷ್ಟು ದಿನದ ಮುಯ್ಯಿ ಐತಿ ಹೇಳು. ತೀರಸ್ತೀನಿ.”

ಅವನು ಮೆಲ್ಲಗೆ ಎದ್ದ. ತಲೆ ತೊಲೆಗೆ ತಾಗಿತು.

“ನೀವು ಬಂದು ತೀರ್ಸಾಕ ನನಗ ಗದ್ದಿ ಇಲ್ರಿ,” ಎಂದ.

ಸೊಂಟದಲ್ಲಿದ್ದ ನಮ್ಮ ಕುಡುಗೋಲು ತೆಗೆದು ಅದರ ಗೂಟಕ್ಕೇ ಸಿಕ್ಕಿಸಿದ. ಅಪ್ಪನ ಕಾಲು ಮುಟ್ಟಿದ. ಬಾಗಿ ಬಾಗಿಲು ದಾಟಿ ಕಾಲುವೆಯ ಏರಿ ಹಿಡಿದು ಗುಡ್ಡದ ಕಡೆ ನಡೆದ. “ರೊಟ್ಟಿ ಉಂಡು ಹೋಗಪ್ಪಾ,” ಎಂದು ತಾಯಕ್ಕ ಕೂಗಿದಳು. ತಿರುಗಲಿಲ್ಲ.

ಆ ಸಲದಷ್ಟು ಬತ್ತ ನನ್ನ ಗದ್ದೆ ಎಂದೂ ಕೊಟ್ಟಿರಲಿಲ್ಲ. ಕೊಯ್ಲಿನ ದಿನ ಅವನಿಗೆಂದು ಒಂದು ಕುಡುಗೋಲು ಹೆಚ್ಚಿಗೆ ಮಸೆದಿಟ್ಟಿದ್ದೆ. ಬರಲಿಲ್ಲ.